ತಂತಿಯೂ ಕಿವಿಯೂ



ನಮ್ಮ ಮಿತ್ರರೊಬ್ಬರು ಸಂಗೀತರಸಿಕರು. ಈಚೆಗೆ ಅವರು ಒಂದು ತಿಂಗಳ ಸಂಬಳವನ್ನೇ ತೆತ್ತು ತಮ್ಮ ಸ್ಟೀರಿಯೊ ಯಂತ್ರಕ್ಕೆ ಹೊಸ ತಂತಿಗಳನ್ನು ತಂದರು. “ವೀಣೆಯ ನಾದ ಎಷ್ಟು ತಿಳಿಯಾಗಿದೆ, ಕೇಳಿ” ಎಂದರು. ಕೇಳಿದೆವು, ನಮಗೂ ಹಾಗೆಯೇ ತೋರಿತು. ಆದರೆ ತೋರಿದುದೆಲ್ಲವೂ ನಿಜವೆ?

ತಂತಿಯಿಂದ ವ್ಯತ್ಯಾಸವೇ ಇಲ್ಲವೆನ್ನುವುದು ತಪ್ಪು. ವಿದ್ಯುತ್ತಿನ ಹರಿವಿಗೆ ಪ್ರತಿಯೊಂದು ತಂತಿಯೂ ಅಷ್ಟಿಷ್ಟು ತಡೆಯೊಡ್ಡುತ್ತದೆ. 1827ರಲ್ಲಿ ಜರ್ಮನಿಯ ಓಮ್ ಪಂಡಿತನು ಪ್ರಕಟಿಸಿದ ನಿಯಮವು ಅದನ್ನು ಲೆಕ್ಕಹಾಕಲು ಕಲಿಸಿತು. ತಂತಿ ಉದ್ದವಾದಷ್ಟೂ ತಡೆ ಹೆಚ್ಚು, ದಪ್ಪವಾದಷ್ಟೂ ಕಡಮೆ. ಯಂತ್ರದಿಂದ ಸ್ಪೀಕರಿಗೆ 5 ಮೀಟರು ದೂರವೆನ್ನೋಣ. ಹೋಗಿಬರುವ ದಾರಿ 10 ಮೀಟರು. 1.5 ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ತಂತಿಯಾದರೆ ತಡೆ ಸುಮಾರು 0.12 ಓಮ್. 8 ಓಮಿನ ಸ್ಪೀಕರಿನ ಮುಂದೆ ಇದು ಅತ್ಯಲ್ಪ. 0.2 ಚದರ ಮಿಲಿಮೀಟರಿನ ಸಣಕಲು ತಂತಿಯಾದರೆ ಅದೇ ತಡೆ ಸುಮಾರು 0.9 ಓಮಿಗೆ ಏರುತ್ತದೆ. ಸ್ಪೀಕರಿನ ತಡೆಯು ಎಲ್ಲ ಸ್ವರಗಳಿಗೂ ಒಂದೇ ಸಮನಾಗಿರದ ಕಾರಣ, ಆಗ ಕೆಲವು ಸ್ವರಗಳು ಕೊಂಚ ಕುಗ್ಗಿ ಕೇಳುವುದುಂಟು. ಹಾಗೆಯೇ, ಗ್ರಾಮಫೋನಿನಿಂದ ಬರುವ ತಂತಿಗೆ ಲೋಹದ ಹೆಣಿಗೆಯ ಹೊದಿಕೆ ಸರಿಯಾಗಿರದಿದ್ದರೆ, ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯೂ ಸಂಗೀತದೊಡನೆ ಬೆರೆಯುತ್ತದೆ.

ಇವೆರಡೂ ಸರಿಯಾಗಿದ್ದ ಮೇಲೆ, ಬೆಲೆಯೇರಿದಂತೆ ನಾದವೂ ಏರುವುದೆ? ಮಿತ್ರರ ಮನೆಯಲ್ಲಿಯೇ ಪರೀಕ್ಷಿಸಿದೆವು. ಅವರ ಮಗಳು ತೆರೆಯ ಹಿಂದೆ ಕುಳಿತು, ಪ್ರತಿಸಲವೂ ನಾಣ್ಯವನ್ನು ಚಿಮ್ಮಿ, ಅದು ಬಿದ್ದಂತೆ ಹಳೆಯ ತಂತಿಯನ್ನೋ ಹೊಸದನ್ನೋ ಜೋಡಿಸಿದಳು. ಹತ್ತು ಸಲ ಊಹಿಸಿದೆವು. ನಮಗೆ ಐದು ಸರಿ, ಮಿತ್ರರಿಗೆ ನಾಲ್ಕು. ಅವರ ಮುಖ ಬಾಡಿತು. ಹತ್ತು ಸಲದ ಪರೀಕ್ಷೆ ಶಾಸ್ತ್ರಕ್ಕೆ ಸಾಲದು. ನಮ್ಮ ಅಹಂಕಾರಕ್ಕೆ ಸಾಕಾಯಿತು. ಮೊದಲ ದಿನ ನಾವಿಬ್ಬರೂ ಸುಳ್ಳಾಡಿರಲಿಲ್ಲ. ಬೆಲೆಯನ್ನು ತಿಳಿದಿದ್ದ ಮನಸ್ಸು ಕಿವಿಗೆ ಪಾಠ ಹೇಳಿಕೊಟ್ಟಿತ್ತು, ಅಷ್ಟೆ.

1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದ ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ಇಲ್ಲಿ ನೆನಪಾಗುತ್ತದೆ. ಧ್ವನಿಯ ವಿಚಾರದಲ್ಲಿ ಯಂತ್ರಶಾಸ್ತ್ರದಷ್ಟೇ ಮನಶ್ಶಾಸ್ತ್ರವೂ ಬೇಕು.

ಆದುದರಿಂದ ಸಾಕಷ್ಟು ದಪ್ಪವಾದ ತಾಮ್ರದ ತಂತಿಯನ್ನು ಕೊಂಡು, ತುದಿಗಳನ್ನು ಬಿಗಿಯಾಗಿ ಜೋಡಿಸಿದರೆ ಆಯಿತು. ಉಳಿದ ಹಣದಿಂದ ಒಳ್ಳೆಯ ಸ್ಪೀಕರನ್ನು ಕೊಳ್ಳಬಹುದು. ಇಲ್ಲವೆ ಒಂದು ಕಚೇರಿಗೆ ಹೋಗಿ ಬರಬಹುದು. ನಮ್ಮ ಮಿತ್ರರು ಮೊನ್ನೆ ನಮ್ಮನ್ನು ಕರೆದೊಯ್ದುದೂ ವೀಣೆಯ ಕಚೇರಿಗೇ. ತಂತಿಗಳ ಮಾತು ಆ ಸಂಜೆ ಬರಲಿಲ್ಲ.