ಹಳೇ ಪ್ರೊಸೆಸರ್‌ಗೆ ಓವರ್‌ಕ್ಲಾಕ್ ಬೇಕಾ, ಒಂದು ಟ್ಯೂಬ್ ಪೇಸ್ಟ್ ಸಾಕಾ?

ಇವತ್ತಿನ ಮಾತು ನಿಮ್ಮ ಮನೇಲಿ ಹತ್ತು ಹನ್ನೆರಡು ವರ್ಷದಿಂದ ಕೂತಿರೋ ಡೆಸ್ಕ್‌ಟಾಪ್ ಬಗ್ಗೆ.

ನಾನು ನಂಜನಗೂಡಿನವನು. ನಮ್ಮ ಚಿಕ್ಕಪ್ಪನ ಮಗ ಟಿ. ನರಸೀಪುರದಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಟಿದ್ದಾನೆ. ಹಗಲು ಲಗ್ನಪತ್ರಿಕೆ, ಫ್ಲೆಕ್ಸ್, ಅರ್ಜಿ ತುಂಬೋ ಕೆಲಸ. ರಾತ್ರಿ ಶಟರ್ ಅರ್ಧ ಎಳೆದ ಮೇಲೆ ಅದೇ ಕಂಪ್ಯೂಟರ್‌ನಲ್ಲಿ ಜಿಟಿಎ 5.

ಮೇ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್. "ಅಣ್ಣ, ಡಿ ಡ್ರೈವ್ ಓಪನ್ನೇ ಆಗ್ತಿಲ್ಲ. ಬೆಳಗ್ಗೆ ಏಳು ಪತ್ರಿಕೆ ಪ್ರಿಂಟ್‌ಗೆ ಹೋಗ್ಬೇಕು."

"ಏನ್ ಮಾಡ್ದೆ, ನಿಜ ಹೇಳು."

"ಏನಿಲ್ಲ ಅಣ್ಣ, ಸ್ವಲ್ಪ ಓವರ್‌ಕ್ಲಾಕ್..."

ಅವನದು ಇಂಟೆಲ್ ಐ5-2400. 2011ರಲ್ಲಿ ಬಂದ ಪ್ರೊಸೆಸರ್, ನಾಲ್ಕು ಕೋರ್. ಇದರ ವೇಗ ಒಂದು ಸಣ್ಣ ಗುಣಾಕಾರ. ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಅದನ್ನ 31ರಿಂದ ಗುಣಿಸಿದರೆ 3.1 ಗಿಗಾಹರ್ಟ್ಸ್. ಆರಾಮಾಗಿ ಓವರ್‌ಕ್ಲಾಕ್ ಮಾಡಬೇಕಂದ್ರೆ ಆ 31 ಅನ್ನೋ ಗುಣಕವನ್ನ ಏರಿಸಬೇಕು. ಅದಕ್ಕೆ ಹೆಸರಿನ ಕೊನೆಗೆ 'ಕೆ' ಇರೋ ಐ5-2500ಕೆ ತರಹದ ಪ್ರೊಸೆಸರ್ ಬೇಕು, ಜೊತೆಗೆ ಪಿ67 ಅಥವಾ ಝಡ್68 ತರಹದ ಬೋರ್ಡ್ ಬೇಕು. ನಮ್ಮ ಹುಡುಗನ ಹತ್ತಿರ ಎರಡೂ ಇಲ್ಲ. ಅವನದು ಎಚ್61 ಬೋರ್ಡ್. ಹಾಗಾಗಿ ಬಯಾಸ್‌ಗೆ ಹೋಗಿ, ಬೇಸ್ ಕ್ಲಾಕನ್ನೇ 100ರಿಂದ 107ಕ್ಕೆ ಏರಿಸಿಬಿಟ್ಟಿದ್ದ.

ಎಡವಟ್ಟಾಗಿದ್ದು ಇಲ್ಲೇ. ಈ ತಲೆಮಾರಿನ ಇಂಟೆಲ್‌ನಲ್ಲಿ ಅದೇ ಕ್ಲಾಕ್ ಹಾರ್ಡ್‌ಡಿಸ್ಕ್ ಜೋಡಿಸೋ ಸಾಟಾಗೂ ಹೋಗುತ್ತೆ, ಗ್ರಾಫಿಕ್ಸ್ ಕಾರ್ಡ್ ಕೂರೋ ಸ್ಲಾಟ್‌ಗೂ ಹೋಗುತ್ತೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಂದನ್ನ ಓಡಿಸಿದರೆ ಎಲ್ಲವೂ ಓಡಬೇಕು. ಐದು ಪರ್ಸೆಂಟ್ ದಾಟಿದ್ರೆ ಡಿಸ್ಕಿಗೆ ಬರೆಯೋ ಡೇಟಾ ಕೆಡೋ ಸಾಧ್ಯತೆ ಜಾಸ್ತಿ. ಇವನದು ಕೆಟ್ಟೇ ಹೋಯ್ತು.

ಲಾಭ ಎಷ್ಟು ಅಂತ ಲೆಕ್ಕ ಹಾಕಿ. ಏಳು ಪರ್ಸೆಂಟ್. 50 ಎಫ್‌ಪಿಎಸ್ ಬರ್ತಿದ್ದ ಕಡೆ ಹೆಚ್ಚೆಂದರೆ 53. ಆ ಮೂರು ಫ್ರೇಮಿಗೆ ಏಳು ಮನೆಯ ಲಗ್ನಪತ್ರಿಕೆ ಹೋಯ್ತು. ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಪ್ರೂಫ್ ಫೋಟೋ ಇತ್ತಲ್ಲ, ಅದನ್ನ ನೋಡ್ಕೊಂಡು ನಾವಿಬ್ಬರೂ ಬೆಳಗಿನ ಜಾವ ನಾಲ್ಕರವರೆಗೆ ಮತ್ತೆ ಟೈಪ್ ಮಾಡಿದ್ವಿ. ಒಂದು ಮುಹೂರ್ತ ತಪ್ಪಿದ್ರೂ ಅಂಗಡಿ ಹೆಸರು ಹಾಳು.

ಮಾರನೇ ಭಾನುವಾರ ಕೇಸ್ ಬಿಚ್ಚಿದೆ. ಹೀಟ್‌ಸಿಂಕ್ ತುಂಬಾ ಧೂಳು. ಕೂಲರ್‌ನ ನಾಲ್ಕು ಪಿನ್‌ಗಳಲ್ಲಿ ಒಂದು ಎದ್ದಿತ್ತು. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಥರ ಉದುರ್ತಿತ್ತು. ಶೀಟಿನ ಅಂಗಡಿ, ಬೇಸಿಗೆ ಬೇರೆ. ಗೇಮ್ ಆಡುವಾಗ ಪ್ರೊಸೆಸರ್ 97 ಡಿಗ್ರಿ ಮುಟ್ತಿತ್ತು. 100ರ ಹತ್ತಿರ ಬಂದರೆ ಅದು ತನ್ನನ್ನ ಉಳಿಸ್ಕೊಳ್ಳೋಕೆ ತಾನೇ ವೇಗ ಇಳಿಸುತ್ತೆ. ಗೇಮ್ ತಡವರಿಸ್ತಿದ್ದಿದ್ದು ಅದಕ್ಕೆ. ಬ್ರಷ್ ಹಾಕಿ ಧೂಳು ತೆಗೆದು, ಹೊಸ ಪೇಸ್ಟ್ ಹಚ್ಚಿ, ಪಿನ್ ಒತ್ತಿ ಕೂರಿಸಿದ್ವಿ. 71 ಡಿಗ್ರಿಗೆ ಇಳೀತು. ತಡವರಿಕೆ ನಿಂತೋಯ್ತು.

ಇಷ್ಟಾದ ಮೇಲೂ ವೇಗ ಸಾಲದು ಅನ್ನಿಸಿದರೆ ದುಡ್ಡು ಬಿಚ್ಚೋ ಮುಂಚೆ ಒಂದು ಪರೀಕ್ಷೆ ಮಾಡಿ. ಗೇಮ್‌ನ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಜಾಸ್ತಿ ಆದ್ರೆ ಭಾರ ಇರೋದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಅಲ್ಲೇ ನಿಂತ್ರೆ ಪ್ರೊಸೆಸರ್ ಮೇಲೆ. ನಮ್ಮ ಹುಡುಗನದು ಜಿಟಿಎಕ್ಸ್ 750 ಟಿಐ. ಪರೀಕ್ಷೆ ಮಾಡಿದಾಗ ಎಫ್‌ಪಿಎಸ್ ಚೆನ್ನಾಗೇ ಏರಿತು. ಅಂದ್ರೆ ಅವನು ಹಿಂಡಿದ್ದು ತಪ್ಪು ಎಮ್ಮೆಯನ್ನ.

ನಿಮ್ಮ ಪರೀಕ್ಷೆಯಲ್ಲಿ ಪ್ರೊಸೆಸರೇ ಸಿಕ್ಕಿಬಿದ್ದರೆ, ಅದೇ ಬೋರ್ಡ್‌ಗೆ ಸೆಕೆಂಡ್ ಹ್ಯಾಂಡ್ ಐ7-2600 ಕೂರುತ್ತೆ. ಎಲ್‌ಜಿಎ 1155 ಸಾಕೆಟ್, ಅದೇ 95 ವ್ಯಾಟ್, ಆದರೆ ಎಂಟು ಥ್ರೆಡ್. ಐ7-3770 ಹಾಕೋದಾದ್ರೆ ಹಳೇ ಎಚ್61 ಬೋರ್ಡ್‌ಗೆ ಮೊದಲು ಬಯಾಸ್ ಅಪ್‌ಡೇಟ್ ಬೇಕಾಗುತ್ತೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ತಗೊಂಡ್ರೂ ಸರಿ, ಮೈಸೂರಲ್ಲಿ ತಗೊಂಡ್ರೂ ಸರಿ, ಅಂಗಡೀಲೇ ಹಾಕಿಸಿ, ಸಿಪಿಯು-ಝಡ್‌ನಲ್ಲಿ ಹೆಸರು ನೋಡಿ ದುಡ್ಡು ಕೊಡಿ. ಸಾಕೆಟ್‌ನ ಪಿನ್‌ಗಳು ಬೋರ್ಡ್ ಮೇಲಿರ್ತವೆ. ಒಂದು ಬಾಗಿದ್ರೂ ಬೋರ್ಡ್‌ಗೇ ಕುತ್ತು.

'ಕೆ' ಪ್ರೊಸೆಸರ್ ಇರೋ ಅದೃಷ್ಟವಂತರಿಗೆ ಒಂದು ಲೆಕ್ಕ. ವೋಲ್ಟೇಜ್ ಹತ್ತು ಪರ್ಸೆಂಟ್ ಏರಿಸಿದರೆ, ವೇಗ ಅಷ್ಟೇ ಇದ್ದರೂ ಬಿಸಿ ಸುಮಾರು 21 ಪರ್ಸೆಂಟ್ ಏರುತ್ತೆ. ಪ್ರೊಸೆಸರ್ ಜೊತೆ ಬಂದ ಪುಟ್ಟ ಕೂಲರ್, ಹೆಸರಿಲ್ಲದ ಎಸ್‌ಎಂಪಿಎಸ್, ಜೊತೆಗೆ ನಮ್ಮ ಬೇಸಿಗೆ. ಈ ಮೂರೂ ಇರೋ ಕಡೆ ಆ ಆಟ ಬೇಡ.

ಕೊನೇ ಮಾತು. ಈ ಮೆಷಿನ್‌ಗೆ ತುಂಬಾ ದುಡ್ಡು ಸುರೀಬೇಡಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಅಧಿಕೃತವಾಗಿ ಕೇಳೋದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗಿನದನ್ನ. ಅದರಲ್ಲಿ ವ್ಯಾಲರಂಟ್ ಆಡೋಕೆ ಟಿಪಿಎಂ 2.0 ಕೂಡ ಬೇಕು. ಹಳೇದನ್ನ ತಣ್ಣಗಿಟ್ಟು ನಡೆಸಿ, ಉಳಿದ ದುಡ್ಡು ಹೊಸದಕ್ಕೆ ಕೂಡಿಡಿ.

ನಮ್ಮ ಹುಡುಗ ಈಗಲೂ ರಾತ್ರಿ ಆಡ್ತಾನೆ, 100 ಮೆಗಾಹರ್ಟ್ಸ್‌ನಲ್ಲೇ. ಆದ್ರೆ ಶಟರ್ ಎಳೆಯೋ ಮುಂಚೆ ಆ ದಿನದ ಪತ್ರಿಕೆಗಳೆಲ್ಲ ಪೆನ್‌ಡ್ರೈವ್‌ಗೆ ಹೋಗ್ತವೆ. ನೀವೂ ಇವತ್ತೇ ಅಷ್ಟು ಮಾಡಿ.