ಬುದ್ಧಿಯನ್ನು ಅಳೆಯುವವರ ಹೊಣೆ



ಮಗುವಿನ ಬುದ್ಧಿಯನ್ನು ಅಳೆಯಬಹುದೆ? ಅಳೆದ ಮೇಲೆ ಆ ಅಳತೆಯಿಂದ ಮಾಡತಕ್ಕುದೇನು? ಈ ವಿಷಯವಾಗಿ ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

1905ರಲ್ಲಿ ಪ್ಯಾರಿಸಿನ ಮನಶ್ಶಾಸ್ತ್ರಜ್ಞನಾದ ಆಲ್ಫ್ರೆಡ್ ಬಿನೆಯು ಸಿಮೋನನೊಡಗೂಡಿ ಬುದ್ಧಿಪರೀಕ್ಷೆಯೊಂದನ್ನು ರಚಿಸಿದನು. ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಶಿಕ್ಷಣ ಕೊಡಬೇಕೆಂಬುದೇ ಅದರ ಉದ್ದೇಶ. ಬುದ್ಧಿಯು ಹುಟ್ಟಿದಷ್ಟೇ, ಬೆಳೆಯಲಾರದು ಎಂಬ ವಾದವನ್ನು ಅವನು ಖಂಡಿಸಿದನು. ಆದರೆ ಅಮೆರಿಕದಲ್ಲಿ ಹೆನ್ರಿ ಗೊಡಾರ್ಡನು ಅದೇ ಪರೀಕ್ಷೆಯನ್ನು ಬೇರೊಂದು ಕೆಲಸಕ್ಕೆ ಹಚ್ಚಿದನು. ಮಂದಬುದ್ಧಿಯು ವಂಶದಲ್ಲಿ ಇಳಿದು ಬರುವುದು, ಅಂಥವರಿಗೆ ಮಕ್ಕಳಾಗದಂತೆ ತಡೆಯಬೇಕು ಎಂಬುದು ಅವನ ಮತ.

ಇಂಥ ಮತದ ಫಲವನ್ನುಂಡವಳು ವರ್ಜೀನಿಯಾದ ಬಡ ಹುಡುಗಿ ಕ್ಯಾರಿ ಬಕ್. ಶಾಲೆಯಲ್ಲಿ ಸರಿಯಾಗಿಯೇ ಓದುತ್ತಿದ್ದವಳನ್ನು ಸಾಕಿದವರು ಬಿಡಿಸಿ ಮನೆಗೆಲಸಕ್ಕೆ ಹಚ್ಚಿದರು. ಅವರ ಬಂಧುವಿನಿಂದಲೇ ಅವಳ ಮೇಲೆ ಅತ್ಯಾಚಾರ ನಡೆಯಿತು. ಗರ್ಭಿಣಿಯಾದವಳನ್ನು ಮಂದಬುದ್ಧಿಯವಳೆಂದು ಸಾರಿಸಿ ಸರಕಾರಿ ಆಶ್ರಮಕ್ಕೆ ಸೇರಿಸಿದರು. ಅವಳ ತಾಯಿಯೂ ಅಲ್ಲಿಯೇ ಇದ್ದಳು. ಪರೀಕ್ಷೆಯಲ್ಲಿ ಇಬ್ಬರಿಗೂ ಬಂದ ಅಂಕ ಕಡಿಮೆ. ಮೂರನೆಯ ತಲೆಮಾರಿನ ರುಜುವಾತು ಬೇಕಾಗಿತ್ತಷ್ಟೆ! ಕ್ಯಾರಿಯ ಕೂಸು ವಿವಿಯನ್‌ಗೆ ಆಗ ಎಂಟು ತಿಂಗಳೂ ತುಂಬಿರಲಿಲ್ಲ. ಅದರ ನೋಟದಲ್ಲಿ ಏನೋ ಕೊರತೆಯಿದೆಯೆಂದು ಸಮಾಜಸೇವಿಕೆಯೊಬ್ಬಳು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದಳು. 1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರಲ್ಲಿ 8 ಮಂದಿ ಒಪ್ಪಿದರು. ಅದೇ ಅಕ್ಟೋಬರಿನಲ್ಲಿ ಕ್ಯಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು. ಆ ದೇಶದಲ್ಲಿ ಇಂಥ ಕಾಯಿದೆಗಳಿಗೆ ಗುರಿಯಾದವರು 60,000ಕ್ಕೂ ಹೆಚ್ಚು.

ವಿವಿಯನ್ ಶಾಲೆಗೆ ಸೇರಿದಳು. 1931ರಲ್ಲಿ ಅವಳ ಹೆಸರು ಶಾಲೆಯ ಗೌರವಪಟ್ಟಿಯಲ್ಲಿ ಬಂದಿತು. ಮರುವರ್ಷ, ಎಂಟನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡಳು. ವರ್ಜೀನಿಯಾದ ಗವರ್ನರರು ಪಶ್ಚಾತ್ತಾಪ ಸೂಚಿಸಿದ್ದು 2002ರಲ್ಲಿ. ಅಷ್ಟರಲ್ಲಿ ಕ್ಯಾರಿಯೂ ಉಳಿದಿರಲಿಲ್ಲ.

ಇಂದು ತಾಯಿಯ ಗರ್ಭವನ್ನು ಸೇರುವ ಮೊದಲೇ ಭ್ರೂಣದ ವಂಶವಾಹಿಗಳನ್ನು ಪರೀಕ್ಷಿಸಬಹುದಾಗಿದೆ. ಘೋರರೋಗವನ್ನು ತಪ್ಪಿಸಲು ತಂದೆತಾಯಿಗಳು ಹಾಗೆ ಮಾಡಿದರೆ ನಾನು ಆಕ್ಷೇಪಿಸುವವನಲ್ಲ. ಬುದ್ಧಿವಂತ ಭ್ರೂಣವನ್ನೇ ಆರಿಸಿಕೊಡುವೆವೆಂದು ಅಮೆರಿಕದ ಕೆಲವು ಕಂಪನಿಗಳು ಹೇಳತೊಡಗಿರುವುದು ಮಾತ್ರ ಬೇರೆ ಮಾತು. ಬುದ್ಧಿಯ ಹಿಂದಿರುವ ವಂಶವಾಹಿಗಳು ನೂರಾರು, ಸಾವಿರಾರು. ಒಂದೊಂದರ ಪಾಲು ಅತ್ಯಲ್ಪ. ಆರಿಸುವ ಚಪಲ ನಮಗೂ ಹೊಸದಲ್ಲವಷ್ಟೆ. ಹೆಣ್ಣುಭ್ರೂಣವನ್ನು ಉಳಿಸಲು 1994ರಲ್ಲಿ ನಮ್ಮ ಸಂಸತ್ತು ಕಾಯಿದೆಯನ್ನೇ ಮಾಡಬೇಕಾಯಿತು.

ಪಾಲಕರೇ, ಮುಂದಿನ ವಾರ ಪ್ರಗತಿಪತ್ರಗಳು ನಿಮ್ಮ ಕೈಸೇರುವುವು. ಯಾವ ವಿಷಯದ ಕೆಳಗೆ ಕೆಂಪು ಗೆರೆಯಿದೆಯೋ ಆ ವಿಷಯದ ಅಧ್ಯಾಪಕರನ್ನು ದಯವಿಟ್ಟು ಕಾಣಿರಿ. ಬಿನೆಯು ಬಯಸಿದಂತೆ, ಆ ಮಗುವಿಗೆ ಸಂಜೆಯ ಪಾಠವನ್ನು ಏರ್ಪಡಿಸೋಣ.