ಬಾಲಕರ ಕವಿತಾಭ್ಯಾಸದಲ್ಲಿ ಪ್ರಾಸವೂ ಪಾತ್ರವೂ

 

ಮಠಗಳು ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನೂ ನಡೆಯಿಸಿಕೊಂಡು ಬಂದಿರುವುದು ಸರ್ವವಿದಿತವಾದ ಸಂಗತಿ. ಆದರೆ ಅಕ್ಷರವನ್ನು ಕಲಿತ ಬಾಲಕನು ಆ ಅಕ್ಷರದಿಂದ ಏನು ಮಾಡಬೇಕು? ಪರರು ಬರೆದುದನ್ನು ಕಂಠಪಾಠ ಮಾಡಿ ಒಪ್ಪಿಸುವುದೊಂದೇ ವಿದ್ಯೆಯೆ? ಕಂಠಪಾಠವು ಉಗ್ರಾಣವಿದ್ದಂತೆ, ಅದು ತುಂಬಿರಬೇಕಾದುದು ನಿಜ. ಆದರೆ ಉಗ್ರಾಣದ ಧಾನ್ಯವು ಒಲೆಯ ಮೇಲೇರದಿದ್ದರೆ ಹಸಿವು ಹಿಂಗದು. ಎಳೆಯ ಮಕ್ಕಳು ತಾವೇ ನಾಲ್ಕು ಸಾಲು ಕಟ್ಟುವಂತೆ ಮಾಡುವ ಬಗೆ ಯಾವುದು ಎಂಬುದೇ ಇಂದಿನ ವಿಚಾರ.

ವ್ಯಾಕರಣ ಛಂದಸ್ಸುಗಳನ್ನು ಓದದ ಹಸುಳೆಗೆ ಕವಿತೆ ಎಲ್ಲಿಂದ ಬಂದೀತು ಎಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪಕ್ಕೆ ಉತ್ತರವು ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗದಲ್ಲಿಯೇ ದೊರೆಯುವುದು. ಕನ್ನಡನಾಡಿನ ಜನರು ಪ್ರಯತ್ನಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಆ ಗ್ರಂಥವು ಹೊಗಳಿದೆ. ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಗೆ ಮಾರಿ ಜೀವಿಸಿದ ಮೋಳಿಗೆಯ ಮಾರಯ್ಯನೂ, ದೋಣಿ ನಡೆಸಿದ ಅಂಬಿಗರ ಚೌಡಯ್ಯನೂ, ಆಯ್ದಕ್ಕಿ ಲಕ್ಕಮ್ಮನೂ ತಮ್ಮ ಬಾಳಿನ ಮಾತಿನಲ್ಲಿಯೇ ವಚನಗಳನ್ನಾಡಿದರು. ಬೀಸುವ ಕಲ್ಲಿನ ಮುಂದೆ ಕುಳಿತು ತ್ರಿಪದಿಯನ್ನು ಹಾಡಿದ ತಾಯಂದಿರು ಯಾವ ಛಂದೋಗ್ರಂಥವನ್ನು ತೆರೆದಿದ್ದರು? ಅಂತಹ ತಾಯಿಯ ಮಗನು ಶಾಲೆಯ ಹೊಸಿಲನ್ನು ದಾಟಿದೊಡನೆ ತನ್ನ ಮನೆಯ ಮಾತು ಬರವಣಿಗೆಗೆ ತಕ್ಕುದಲ್ಲವೆಂದು ನಾಚಿ ಮೂಕನಾದರೆ, ಆ ನಷ್ಟವು ಅವನೊಬ್ಬನದಲ್ಲ, ನಾಡಿನದು.

ಇನ್ನು ಬಗೆಯನ್ನು ನೋಡೋಣ. ಮಕ್ಕಳಿಗೆ ಮೊದಲು ಪ್ರಿಯವಾಗುವುದು ಅರ್ಥವಲ್ಲ, ನಾದ. ಕನ್ನಡದಲ್ಲಿ ನಾದದ ಕೀಲು ಇರುವುದು ಪಾದದ ಎರಡನೆಯ ಅಕ್ಷರದಲ್ಲಿ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ನಾಗವರ್ಮನ ಛಂದೋಂಬುಧಿಯು ಪ್ರಾಸವನ್ನು ಆರು ಬಗೆಯಾಗಿ ವಿಂಗಡಿಸಿ, ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಹೆಸರಿಟ್ಟಿದೆ. ಪಂಡಿತರ ಶಾಸ್ತ್ರವೆಂದು ನಾವು ಮೇಲಿರಿಸಿದ ಈ ಗ್ರಂಥವು ಮಕ್ಕಳಿಗೆ ಪ್ರಾಣಿಗಳ ಹಿಂಡನ್ನೇ ಕೊಟ್ಟಿದೆಯಷ್ಟೆ!

ಲಕ್ಷಣವನ್ನು ಮೊದಲು ಹೇಳದೆ ಆಟವನ್ನು ಮೊದಲು ಆಡಿಸಬೇಕು. ಮರ, ಕೆರೆ, ಸಿರಿ, ಗುರು: ಮೊದಲಕ್ಷರ ಹ್ರಸ್ವ, ಎರಡನೆಯದು ರಕಾರ, ಇದು ಸಿಂಹ. ದಾರಿ, ಊರು, ತೇರು, ಹಾರ: ಮೊದಲಕ್ಷರ ದೀರ್ಘವಾಗಿ ಆನೆಯಂತೆ ಮೆಲ್ಲನೆ ನಡೆಯುವುದು, ಇದು ಗಜ. ಕಂಬ, ಗೊಂಬೆ, ತುಂಬು, ನಂಬು: ನಡುವೆ ಬಿಂದುವಿರುವುದರಿಂದ ವೃಷಭ. ಭಕ್ತಿ, ಯುಕ್ತಿ, ಮುಕ್ತಿ: ಬೇರೆ ಬೇರೆ ವ್ಯಂಜನಗಳು ಕೂಡಿರುವುದರಿಂದ ಶರಭ. ಅಪ್ಪ, ಉಪ್ಪು, ತುಪ್ಪ, ಕಪ್ಪೆ, ಸೊಪ್ಪು: ಒಂದೇ ವ್ಯಂಜನವು ಇಮ್ಮಡಿಸಿ ಕುದುರೆಯಂತೆ ಪುಟಿಯುವುದು, ಇದು ಹಯ. ಅಡುಗೆಮನೆಯ ಕನ್ನಡದಲ್ಲಿ ಈ ಕುದುರೆಯ ಓಟವು ಹೇರಳ. ವಿಸರ್ಗವನ್ನು ಬಯಸುವ ಅಜವು ಮನೆಮಾತಿನಲ್ಲಿ ಬಹು ವಿರಳ. ಆ ಆಡು ಸದ್ಯಕ್ಕೆ ಮೂಲೆಯಲ್ಲಿ ಮಲಗಿರಲಿ.

ಮಕ್ಕಳನ್ನು ಸುತ್ತಲೂ ಕುಳ್ಳಿರಿಸಿ, ಒಬ್ಬೊಬ್ಬರಿಂದ ಒಂದೊಂದು ಶಬ್ದವನ್ನು ಪಡೆದು ಹಲಗೆಯ ಮೇಲೆ ಬರೆಯಬೇಕು. ಬಳಿಕ ಆ ಶಬ್ದಗಳೊಳಗಿಂದ ಒಂದು ಪ್ರಾಣಿಯನ್ನು ಎತ್ತಿ, ಅದಕ್ಕೊಂದು ಹೆಸರನ್ನು ಕೇಳಬೇಕು. ಕಪ್ಪೆಗೆ ಪ್ರಾಸವೇ ತಿಪ್ಪಣ್ಣನೆಂದು ಹೆಸರಿಡುವುದು. ಆಗ ಇಂತಹ ಪದ್ಯವು ತಾನಾಗಿ ಹುಟ್ಟೀತು:

ಕಪ್ಪೆಯ ಹೆಸರೇ ತಿಪ್ಪಣ್ಣ,
ಉಪ್ಪಿನ ಮೂಟೆಯ ಹೊತ್ತಣ್ಣ;
ತಪ್ಪದೆ ಸಂತೆಗೆ ಹೊರಟಣ್ಣ,
ಛಪ್ಪನೆ ಹಳ್ಳಕೆ ಬಿದ್ದಣ್ಣ!

ಉಪಾಧ್ಯಾಯನ ನಿಜವಾದ ಕೆಲಸ ಇಲ್ಲಿಂದ ಮೊದಲಾಗುವುದು. ಉಪ್ಪು ಏನಾಯಿತು? ಹಳ್ಳದ ಮೀನುಗಳು ಏನೆಂದುವು? ತಿಪ್ಪಣ್ಣನು ಮನೆಗೆ ಹೋಗಿ ತಾಯಿಗೆ ಏನು ಹೇಳಿದನು? ಹೀಗೆ ಪ್ರಶ್ನೆಗಳನ್ನು ಕೇಳಿ ಸುಮ್ಮನಿರಬೇಕು; ಉತ್ತರವನ್ನು ಹೇಳಬಾರದು. ಪ್ರಾಸವು ಬಾಗಿಲನ್ನು ತೆರೆಯುವುದು. ಪಾತ್ರವು ಒಳಗೆ ಕರೆದೊಯ್ಯುವುದು.

ಈ ಮಾರ್ಗವು ನಮ್ಮ ಹಿರಿಯರಿಗೆ ಅಪರಿಚಿತವಲ್ಲ. ‘ಕವಿಶಿಷ್ಯ’ರೆಂದು ಹೆಸರಾದ ಪಂಜೆ ಮಂಗೇಶರಾಯರು (1874–1937) ಶಾಲೆಗಳ ಇನ್‌ಸ್ಪೆಕ್ಟರರಾಗಿದ್ದು ಮಕ್ಕಳ ನಾಲಗೆಗೆ ಒಗ್ಗುವ ಪದ್ಯಗಳನ್ನು ರಚಿಸಿದರು. ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯದಲ್ಲಿ ಬಾಲಕನ ಹೆಸರು ಕಸ್ತೂರಿ. ತುತ್ತೂರಿಯೆಂಬ ಶಬ್ದದ ನಾದಕ್ಕೆ ಓಗೊಟ್ಟ ಹೆಸರು ಆ ಬಾಲಕನನ್ನು ತಲೆತಲಾಂತರಕ್ಕೂ ಮಕ್ಕಳ ಗೆಳೆಯನನ್ನಾಗಿಸಿದೆ.

ಇಲ್ಲದ ಪಾತ್ರವನ್ನು ಕಲ್ಪಿಸುವುದು ಮಕ್ಕಳಿಗೆ ಸುಳ್ಳನ್ನು ಕಲಿಸಿದಂತಾಗದೆ ಎಂಬುದು ಇನ್ನೊಂದು ಶಂಕೆ. ಪಂಚತಂತ್ರದ ಕರಟಕ ದಮನಕರೆಂಬ ನರಿಗಳು ಯಾವ ಕಾಡಿನಲ್ಲಿದ್ದುವೆಂದು ಯಾರೂ ಹುಡುಕಲಿಲ್ಲ; ಅವುಗಳ ಮಾತಿನಿಂದ ನೀತಿಯನ್ನು ಕಲಿತರು. ಬೆಡಗಿನ ವಚನಗಳಲ್ಲಿ ಲೋಕದಲ್ಲೆಲ್ಲಿಯೂ ಕಾಣದ ಚಿತ್ರಗಳಿವೆ. ಅವುಗಳನ್ನು ಅಸತ್ಯವೆನ್ನುವ ಶರಣನಿಲ್ಲ. ವಂಚಿಸಲು ಹೇಳಿದುದು ಸುಳ್ಳು. ಕಾಣಿಸಲು ಹೇಳಿದುದು ಕಲ್ಪನೆ.

ಇದರಲ್ಲಿ ಮತ್ತೊಂದು ಗುಣವುಂಟು. ತಾಯಿತಂದೆಗಳನ್ನು ಬಿಟ್ಟು ಪ್ರಸಾದನಿಲಯಕ್ಕೆ ಬಂದ ಎಂಟು ಹತ್ತು ವರ್ಷದ ಬಾಲಕನು ತನ್ನ ದುಃಖವನ್ನು ಯಾರೊಡನೆ ಹೇಳಿಕೊಂಡಾನು? ಕೇಳಿದರೆ ‘ಏನೂ ಇಲ್ಲ’ ಎನ್ನುವನು. ಅದೇ ಬಾಲಕನು ‘ತಿಪ್ಪಣ್ಣನಿಗೆ ರಾತ್ರಿ ನಿದ್ದೆ ಬರಲಿಲ್ಲ, ಅವ್ವನ ನೆನಪಾಯಿತು’ ಎಂದು ಬರೆದಾನು. ಕಪ್ಪೆಯ ಬಾಯಿಂದ ಬಂದ ಆ ಮಾತನ್ನು ಓದಿದ ಗುರುವು ಪ್ರಾಸ ತಪ್ಪಿತೆಂದು ಕೆಂಪು ಶಾಯಿಯ ಗೀಟನ್ನು ಎಳೆದರೆ, ಆ ಮಗುವು ಮರಳಿ ಬಾಯಿ ತೆರೆಯಲಾರದು. ಆ ದಿನ ತಿದ್ದಬೇಕಾದುದು ಪದ್ಯವಲ್ಲ. ಮಗುವನ್ನು ಹತ್ತಿರ ಕುಳ್ಳಿರಿಸಿಕೊಳ್ಳಬೇಕು.

ಅದು ಕಾರಣ, ಪ್ರಾಸವು ಮೆಟ್ಟಿಲಾಗಿರಲಿ, ಸಂಕಲೆಯಾಗದಿರಲಿ. ಪ್ರಾಸಕ್ಕಾಗಿ ಅರ್ಥವನ್ನು ಕೆಡಿಸಿದ ಸಾಲನ್ನು ಮಗುವಿನಿಂದಲೇ ಓದಿಸಿ, ‘ನೀನು ಹೇಳಬೇಕೆಂದಿದ್ದುದು ಇದೇ ಏನಪ್ಪಾ?’ ಎಂದು ಕೇಳಿದರೆ ಸಾಕು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಎರಡನೆಯ ಅಕ್ಷರದ ಪ್ರಾಸವನ್ನು ಬಿಟ್ಟರು. ಅದನ್ನು ಚೆನ್ನಾಗಿ ಬಲ್ಲವರಾದುದರಿಂದಲೇ ಬಿಟ್ಟರು. ಹಿಡಿಯಲು ಕಲಿತವನಿಗೆ ಬಿಡುವ ಅಧಿಕಾರ ತಾನಾಗಿ ಬರುವುದು. ಇತ್ತ ಹರಿಹರನ ರಗಳೆಯೂ ಅವನ ಶಿಷ್ಯನೂ ಸೋದರಳಿಯನೂ ಆದ ರಾಘವಾಂಕನ ಷಟ್ಪದಿಯೂ ಮುಂದೆ ಮಕ್ಕಳ ಕೈಸೇರಿದಾಗ, ‘ಇದು ನಮ್ಮ ಕುದುರೆ, ಇದು ನಮ್ಮ ಆನೆ’ ಎಂದು ಗುರುತಿಸಿ ಹಿಗ್ಗುವರು.

ಭಕ್ತಮಹಾಶಯರು ವಾರಕ್ಕೊಂದು ಗಳಿಗೆಯನ್ನಾದರೂ ಇದಕ್ಕೆ ಮೀಸಲಿಡಬೇಕೆಂದು ಪ್ರಾರ್ಥನೆ. ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಗುವು ಒಂದು ಶಬ್ದವನ್ನು ಹೇಳಿದರೆ, ತಾಯಿಯು ಅದಕ್ಕೊಪ್ಪುವ ಇನ್ನೊಂದನ್ನು ಹೇಳಲಿ. ಇದಕ್ಕೆ ಹಣ ಬೇಡ, ಗ್ರಂಥ ಬೇಡ; ಕೇಳುವ ಕಿವಿಯಿದ್ದರೆ ಸಾಕು. ಶ್ರೀಮಠದ ನೆರಳಿನಲ್ಲಿ ಬೆಳೆಯುವ ಮಕ್ಕಳು ಹಿರಿಯರ ನುಡಿಯನ್ನು ಹೃದಯದಲ್ಲಿಟ್ಟು ತಮ್ಮ ನುಡಿಯನ್ನು ನಿರ್ಭಯವಾಗಿ ಆಡುವಂತಾಗಲಿ. ಸರ್ವರಿಗೂ ಸನ್ಮಂಗಲವಾಗಲಿ.